ಟವೆಲ್ ಹಾಕಿ ಹಿಡಿದಿಟ್ಟ ಖಾಲಿ ಸೀಟು: ಟಿ.ವಿ. ತರಂಗದಲ್ಲಿ ಹಳ್ಳಿಗೆ ಇಂಟರ್ನೆಟ್

ಹಿಂದಿನ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುವಾಗ ‘ಟಿ.ವಿ. ವೈಟ್ ಸ್ಪೇಸ್’ ಅಂತ ಒಂದು ಮಾತು ಹೇಳಿ ಮುಂದೆ ಹೋಗಿಬಿಟ್ಟಿದ್ದೆ. ಟಿ.ವಿ.ಗೆ ಅಂತ ಎತ್ತಿಟ್ಟು, ಯಾರೂ ಬಳಸದೆ ಬಿದ್ದಿರುವ ರೇಡಿಯೊ ತರಂಗಗಳಲ್ಲಿ ಹಳ್ಳಿಗಳಿಗೆ ಇಂಟರ್ನೆಟ್ ಕೊಡಬಹುದು ಅಂತಷ್ಟೇ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮುಕ್ಕಾಲು ಪಾಲು ಮಲೆನಾಡಿನವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಸಿಗ್ನಲ್ ಬೇಕೆಂದರೆ ಗುಡ್ಡದ ಅರ್ಧ ಹತ್ತಬೇಕು. ಕೊರೊನಾ ಸಮಯದಲ್ಲಿ ಮಗಳು ಅಲ್ಲೇ ಪ್ಲಾಸ್ಟಿಕ್ ಹೊದೆಸಿದ ಗೂಡಿನಲ್ಲಿ ಕೂತು ಪಿಯುಸಿ ಓದಿದಳು. ನೀವು ಬರೆದ ಟಿ.ವಿ. ಇಂಟರ್ನೆಟ್ ಅಂದರೆ ಕೇಬಲ್‌ನವರು ಕೊಡುವುದಾ, ಡಿಶ್‌ನಲ್ಲಿ ಬರುವುದಾ? (ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು)

ಎರಡೂ ಅಲ್ಲ ಸರ್. ಡಿಶ್ ಬರುವುದಕ್ಕೆ ಮೊದಲು ಮಾಡಿನ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಇರುತ್ತಿತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅಪ್ಪ ಅದನ್ನು ಉದ್ದನೆಯ ಅಡಿಕೆ ಕಂಬಕ್ಕೆ ಕಟ್ಟಿದ್ದರು. ಗಾಳಿ ಬೀಸಿದಾಗಲೆಲ್ಲ ಅದು ತಿರುಗಿಬಿಡುತ್ತಿತ್ತು, ನಾನು ಅಂಗಳದಲ್ಲಿ ನಿಂತು ಕಂಬ ತಿರುಗಿಸುತ್ತಿದ್ದೆ, ಅಮ್ಮ ಒಳಗಿನಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಅಂತ ಕೂಗುತ್ತಿದ್ದಳು. ಎಷ್ಟೋ ದೂರದ ದೂರದರ್ಶನ ಟವರ್‌ನಿಂದ ಹೊರಟ ತರಂಗ, ಕಾಡು ಗುಡ್ಡ ದಾಟಿ ನಮ್ಮ ಅಂಗಳಕ್ಕೆ ಬರುತ್ತಿತ್ತು ಅನ್ನುವುದೇ ಇಲ್ಲಿ ಮುಖ್ಯ ವಿಷಯ. ಆ ಜಾತಿಯ ತರಂಗದ ಮೇಲೆ ಚಿತ್ರದ ಬದಲು ಇಂಟರ್ನೆಟ್ ಕಳಿಸುವುದು, ಅದೂ ಹೋಗುವುದಕ್ಕೂ ಬರುವುದಕ್ಕೂ ಎರಡು ಕಡೆಯಿಂದ. ಇಷ್ಟೇ ಟಿ.ವಿ. ವೈಟ್ ಸ್ಪೇಸ್.

‘ಖಾಲಿ’ ಅನ್ನುವುದು ಎಲ್ಲಿಂದ ಬಂತು? ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಸರ್ಕಾರಗಳು ಟಿ.ವಿ.ಗೆ ಅಂತ ಒಂದಷ್ಟು ಸೀಟು ಹಿಡಿದಿಟ್ಟವು. ನಮ್ಮ ದೇಶದಲ್ಲಿ 470ರಿಂದ 590 ಮೆಗಾಹರ್ಟ್ಸ್‌ವರೆಗೆ ಅಂಥ 15 ಸೀಟುಗಳಿವೆ, ಅಂದರೆ ಚಾನೆಲ್‌ಗಳು, ಒಂದೊಂದೂ 8 ಮೆಗಾಹರ್ಟ್ಸ್ ಅಗಲ (ಮೆಗಾಹರ್ಟ್ಸ್ ಅಂದರೆ ತರಂಗದ ಆವರ್ತನ ಅಳೆಯುವ ಮಾಪ). ಅವುಗಳಲ್ಲಿ ಕೂರಬಹುದಾದ ಪ್ರಯಾಣಿಕರು ಒಬ್ಬರೇ, ದೂರದರ್ಶನ. ಐಐಟಿ ಬಾಂಬೆಯಲ್ಲಿ ಪ್ರೊ. ಅಭಯ್ ಕರಂದೀಕರ್ ಅವರ ತಂಡ ಪ್ರತಿ ಟವರ್‌ನ ಲೆಕ್ಕ ಹಾಕಿ 2014ರಲ್ಲಿ ಹೇಳಿದ್ದೇನೆಂದರೆ, ದೇಶದ ಹೆಚ್ಚುಕಮ್ಮಿ ಎಲ್ಲ ಕಡೆ ಆ 15ರಲ್ಲಿ ಕನಿಷ್ಠ 12 ಖಾಲಿ. ಯಾಕೆಂದರೆ ದೂರದರ್ಶನದ 1,400 ಚಿಲ್ಲರೆ ಟವರ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಟವರ್‌ಗಳು ಇದಕ್ಕಿಂತ ಕೆಳಗಿನ, ವಿಎಚ್‌ಎಫ್ ಅನ್ನುವ ಬೇರೆ ತರಂಗ ಪಟ್ಟಿಯಲ್ಲಿ ಕೆಲಸ ಮಾಡುತ್ತಿದ್ದವು. ಅದಾದ ಮೇಲೆ ಇನ್ನೊಂದು ಆಯಿತು. ಡಿಶ್ ಬಂದು ಆಂಟೆನಾ ನೋಡುವವರೇ ಇಲ್ಲವಾದ್ದರಿಂದ ಪ್ರಸಾರ ಭಾರತಿ ಹಳೆಯ ಅನಲಾಗ್ ಟವರ್‌ಗಳನ್ನು ಒಂದೊಂದಾಗಿ ನಿಲ್ಲಿಸಿತು, 2022ರ ಮಾರ್ಚ್ ಹೊತ್ತಿಗೆ ಗಡಿ ಭಾಗದಂಥ ಸುಮಾರು 50 ಜಾಗ ಬಿಟ್ಟು ಉಳಿದವನ್ನೆಲ್ಲ ಮುಚ್ಚುವ ತೀರ್ಮಾನ ಅದು. ಅಂದರೆ ಬಸ್ಸು ಈಗ ಇನ್ನೂ ಖಾಲಿ. ಟವೆಲ್ ಮಾತ್ರ ಅಲ್ಲೇ ಇದೆ.

ನಿಮ್ಮ ಮನೆಗೆ ಅದು ಬರುವುದಾದರೆ ಹೇಗಿರುತ್ತದೆ ಹೇಳುತ್ತೇನೆ. ಪಂಚಾಯಿತಿ ಕಚೇರಿವರೆಗೆ ಕೇಂದ್ರ ಸರ್ಕಾರದ ಭಾರತ್‌ನೆಟ್ ಯೋಜನೆಯ ಫೈಬರ್ ಬಂದಿರುತ್ತದೆ. ಅಲ್ಲಿಂದ ಊರಿನ ಎತ್ತರದ ಜಾಗದಲ್ಲಿ ಒಂದು ಕಂಬ, ಅದರ ಮೇಲೆ ಒಂದು ರೇಡಿಯೊ. ನಿಮ್ಮ ಮಾಡಿನ ಮೇಲೆ ಹಳೆಯದರಂಥದ್ದೇ ಆಂಟೆನಾ, ಅದರಿಂದ ಇಳಿದ ವಯರು ಒಳಗೆ ಒಂದು ಪೆಟ್ಟಿಗೆಗೆ, ಆ ಪೆಟ್ಟಿಗೆಯಿಂದ ಮಾಮೂಲಿ ವೈಫೈ. ನಿಮ್ಮ ಫೋನು ನೇರವಾಗಿ ಇದನ್ನು ಹಿಡಿಯುವುದಿಲ್ಲ. ತೋಟದಲ್ಲಿ ಓಡಾಡುವಾಗ ಕಾಲ್ ಮಾಡುವುದಕ್ಕೆ ಇದು ಆಗುವುದಿಲ್ಲ. ಮನೆಯೊಳಗೆ ವೈಫೈ ಕಾಲ್ ಮಾಡಬಹುದು. ಮಗಳು ಮಳೆಯಲ್ಲಿ ಗುಡ್ಡ ಹತ್ತುವುದಂತೂ ತಪ್ಪುತ್ತದೆ.

ವೈಫೈ ಕೂಡ ರೇಡಿಯೊ ತರಂಗವೇ ಅಲ್ವಾ? ಅದು ಪಕ್ಕದ ರೂಮಿಗೇ ಸರಿಯಾಗಿ ಬರುವುದಿಲ್ಲ, ಇದು ಹೇಗೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ? ಸ್ಪೀಡ್ ಎಷ್ಟು? (ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಅಲೆಯ ಅಳತೆ ನೋಡಪ್ಪ. 500 ಮೆಗಾಹರ್ಟ್ಸ್ ಟಿ.ವಿ. ಅಲೆ 60 ಸೆಂಟಿಮೀಟರ್ ಉದ್ದ. 2.4 ಗಿಗಾಹರ್ಟ್ಸ್ ವೈಫೈ ಅಲೆ ಹನ್ನೆರಡೂವರೆ ಸೆಂಟಿಮೀಟರ್. 5.8 ಗಿಗಾಹರ್ಟ್ಸ್ ಆದರೆ 5 ಸೆಂಟಿಮೀಟರ್, ಒಂದು ಎಲೆಯ ಅಗಲದಷ್ಟು. ಸಣ್ಣ ಅಲೆಗೆ ಎಲೆ, ಕೊಂಬೆ, ಗೋಡೆ ಎಲ್ಲವೂ ಅಡ್ಡಿಯೇ. ದೊಡ್ಡ ಅಲೆ ಅವುಗಳ ನಡುವೆ ನುಸುಳಿ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆ ಬೀಳುತ್ತದೆ. ಬಯಲಿನಲ್ಲೇ ಲೆಕ್ಕ ಹಾಕಿದರೂ, ಅಷ್ಟೇ ಪವರ್, ಅಷ್ಟೇ ಗೇನ್ (ಒಂದೇ ದಿಕ್ಕಿಗೆ ಕೂಡಿಸಿ ಕೊಡುವ ಬಲ) ಇರುವ ಆಂಟೆನಾ ಇಟ್ಟರೆ 500 ಮೆಗಾಹರ್ಟ್ಸ್ ಅಲೆ 5 ಗಿಗಾಹರ್ಟ್ಸ್ ಅಲೆಗಿಂತ ಹತ್ತು ಪಟ್ಟು ದೂರ ಹೋಗುತ್ತದೆ. ಕಾಡಿನಲ್ಲಿ ಈ ಅಂತರ ಇನ್ನೂ ಜಾಸ್ತಿ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಊರಿನಲ್ಲಿ ಮನೆಯಿಂದ ಪಂಪ್‌ಶೆಡ್‌ಗೆ ಸುಮಾರು ನಾನೂರು ಮೀಟರ್. ಮಧ್ಯೆ ತೋಟ. ಎರಡು ಕಡೆಗೂ 5.8ರ ಪುಟ್ಟ ಡಿಶ್ ಹಾಕಿ ಕ್ಯಾಮೆರಾಗೆ ಲೈನ್ ಎಳೆದಿದ್ದೆ. ಏಪ್ರಿಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಜೂನ್‌ನಲ್ಲಿ ಮಳೆ ಹಿಡಿದು ಅಡಿಕೆ ಸೋಗೆಗಳು ನೆನೆದು ಜೋತುಬಿದ್ದವು ನೋಡಿ, ಅವತ್ತಿಗೆ ಮುಗಿಯಿತು. ಮಳೆ ಬಿಟ್ಟು ಎರಡು ಗಂಟೆ ಬಿಸಿಲು ಬಂದರೆ ಲಿಂಕ್ ಮತ್ತೆ ಏಳುತ್ತಿತ್ತು, ಗಾಳಿ ಬೀಸಿ ಸೋಗೆ ಅಲ್ಲಾಡಿದರೆ ಮತ್ತೆ ಬೀಳುತ್ತಿತ್ತು. ನೀರು ಕುಡಿದ ಎಲೆ ಅಂದರೆ ಆ ಸಣ್ಣ ಅಲೆಗೆ ಗೋಡೆ. ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಎಲ್ಲ ಎಲೆಯೂ ನೀರು ಕುಡಿದೇ ಇರುತ್ತದೆ.

ಸ್ಪೀಡ್ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸುವುದಿಲ್ಲ. 8 ಮೆಗಾಹರ್ಟ್ಸ್‌ನ ಒಂದು ಚಾನೆಲ್‌ನಲ್ಲಿ, 2014ರಲ್ಲಿ ಬಂದ 802.11ಎಎಫ್ ಎಂಬ ಮಾನಕದ ಪ್ರಕಾರ, ಅತಿ ಹೆಚ್ಚೆಂದರೆ ಸುಮಾರು 35 ಎಂಬಿಪಿಎಸ್. ಅದು ಕಾಗದದ ಮೇಲಿನ ಲೆಕ್ಕ, ಗುಡ್ಡದಾಚೆ ಸಿಗುವುದು ಅದಕ್ಕಿಂತ ಕಡಿಮೆ, ಮತ್ತು ಸಿಕ್ಕಿದ್ದನ್ನು ಅಷ್ಟೂ ಮನೆಗಳು ಹಂಚಿಕೊಳ್ಳಬೇಕು. ಆದರೆ ಒಂದು ಆನ್‌ಲೈನ್ ಕ್ಲಾಸಿಗೆ ಒಂದು ಎಂಬಿಪಿಎಸ್ ಇದ್ದರೆ ನಡೆಯುತ್ತದೆ. ಪಹಣಿ ತೆಗೆಯುವುದಕ್ಕೆ, ಯುಪಿಐಗೆ, ರೇಷನ್ ಅಂಗಡಿಯ ಬೆರಳಚ್ಚಿಗೆ ಅಷ್ಟೂ ಬೇಡ. ಹನ್ನೆರಡು ಚಾನೆಲ್ ಖಾಲಿ ಇರುವ ಕಡೆ ಎರಡೋ ಮೂರೋ ಜೋಡಿಸಿಕೊಳ್ಳಲೂಬಹುದು. ನಗರದ ಫೈಬರ್‌ಗೆ ಇದನ್ನು ಹೋಲಿಸಬೇಡ. ಇವತ್ತು ಆ ಮನೆಗಳಲ್ಲಿ ಇರುವುದು ಸೊನ್ನೆ, ಆ ಸೊನ್ನೆಗೆ ಹೋಲಿಸು.

ನಾನು ಪ್ರಸಾರ ಕ್ಷೇತ್ರದಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು. ಒಂದು ಚಾನೆಲ್ ಖಾಲಿ ಇದೆ ಅಂತ ನಿಮ್ಮ ಪೆಟ್ಟಿಗೆಗೆ ಹೇಗೆ ಗೊತ್ತಾಗುತ್ತದೆ? ಟಿ.ವಿ. ನೋಡುವವರಿಗೆ ತೊಂದರೆಯಾದರೆ ಯಾರು ಹೊಣೆ? (ಹಿರಿಯ ಓದುಗರು, ಕಲಬುರಗಿ)

ನಮಸ್ಕಾರ ಸರ್. ನಿಮ್ಮ ಪ್ರಶ್ನೆಯನ್ನೇ ಅಮೆರಿಕದ ಟಿ.ವಿ. ಕಂಪನಿಗಳೂ ಕೇಳಿದ್ದವು, ತುಂಬಾ ಜಗಳವೂ ಆಯಿತು. ಅಲ್ಲಿನ ನಿಯಂತ್ರಕ ಎಫ್‌ಸಿಸಿ 2008ರ ನವೆಂಬರ್ 4ರಂದು ಖಾಲಿ ಚಾನೆಲ್‌ಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಅಂದಾಗ, ಪೆಟ್ಟಿಗೆ ತಾನೇ ಗಾಳಿಗೆ ಕಿವಿಗೊಟ್ಟು ಟಿ.ವಿ. ಸಿಗ್ನಲ್ ಇದೆಯಾ ಅಂತ ಕೇಳಿಸಿಕೊಳ್ಳಬೇಕು ಅಂತ ಷರತ್ತು ಹಾಕಿತ್ತು. ಅದರ ತೊಂದರೆ ನಿಮಗೆ ತಕ್ಷಣ ಹೊಳೆಯುತ್ತದೆ. ಪೆಟ್ಟಿಗೆ ಕಣಿವೆಯಲ್ಲಿದ್ದರೆ ಅದಕ್ಕೆ ಏನೂ ಕೇಳಿಸುವುದಿಲ್ಲ, ಆದರೆ ದಿಬ್ಬದ ಮೇಲಿನ ಮನೆಯ ಆಂಟೆನಾ ಅದೇ ಚಾನೆಲ್ ಹಿಡಿದು ವಾರ್ತೆ ನೋಡುತ್ತಿರಬಹುದು. 2010ರಲ್ಲಿ ಆ ಕಿವಿಗೊಡುವ ಷರತ್ತು ಬಿಟ್ಟು, ದಾಖಲೆ ನೋಡಿ ನಡೆಯುವ ಷರತ್ತನ್ನು ಉಳಿಸಿಕೊಂಡರು. ಪೆಟ್ಟಿಗೆಯಲ್ಲಿ ಜಿಪಿಎಸ್ ಇರುತ್ತದೆ, ಅದು ತಾನಿರುವ ಜಾಗವನ್ನು ಒಂದು ದಾಖಲೆ ಪುಸ್ತಕಕ್ಕೆ, ಅಂದರೆ ಡೇಟಾಬೇಸ್‌ಗೆ ತಿಳಿಸಿ, ‘ಇಲ್ಲಿ ಯಾವ ಚಾನೆಲ್ ಬಳಸಲಿ, ಎಷ್ಟು ಪವರ್‌ನಲ್ಲಿ?’ ಅಂತ ಕೇಳುತ್ತದೆ. ಉತ್ತರ ಬರದಿದ್ದರೆ ಬಾಯಿ ಬಿಡುವ ಹಾಗಿಲ್ಲ. ನಾಳೆ ಅಲ್ಲೊಂದು ಟಿ.ವಿ. ಟವರ್ ಶುರುವಾದರೆ ದಾಖಲೆಯಲ್ಲಿ ಒಂದು ಸಾಲು ಸೇರಿಸಿದರಾಯಿತು, ಸುತ್ತಲಿನ ಪೆಟ್ಟಿಗೆಗಳೆಲ್ಲ ಆ ಚಾನೆಲ್ ಬಿಟ್ಟು ಸರಿಯುತ್ತವೆ. ಅಮೆರಿಕದಲ್ಲಿ ಸಾವಿರಾರು ಖಾಸಗಿ ಕೇಂದ್ರಗಳ ಲೆಕ್ಕ ಇಡಬೇಕು. ನಮ್ಮಲ್ಲಿ ಟವರ್‌ನಿಂದ ಟಿ.ವಿ. ಪ್ರಸಾರ ಮಾಡುವವರು ಒಬ್ಬರೇ. ಬೆಂಗಳೂರಿನಂಥ ಕೆಲವು ನಗರಗಳಲ್ಲಿ 2016ರಲ್ಲಿ ಶುರುವಾದ ದೂರದರ್ಶನದ ಡಿಜಿಟಲ್ ಪ್ರಸಾರವನ್ನು ಬಿಟ್ಟುಕೊಟ್ಟು ನಡೆದರೆ ಆಯಿತು. ಆ ಪುಸ್ತಕ ಬರೆಯುವುದು ನಮಗೆ ತುಂಬಾ ಸುಲಭ.

ನಿಮ್ಮ ಊರಿನಿಂದ ಪತ್ರ ಬಂದದ್ದಕ್ಕೆ ಇನ್ನೊಂದು ಮಾತು ಹೇಳಲೇಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟಿ.ವಿ. ಬಂತಲ್ಲ, ನಮ್ಮ ರಾಜ್ಯದಲ್ಲಿ ಆಗ ಆಯ್ಕೆಯಾಗಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳು. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಹತ್ತಡಿಯ ಡಿಶ್, ಶಾಲೆಯ ಮುಂದೆ ಊರಿಗೆಲ್ಲ ಒಂದೇ ಟಿ.ವಿ., ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ. ಅದು ಇಳಿದು ಬರುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಮ್ಮ 15 ಸೀಟುಗಳೂ ಸೇರುವ ಇದೇ ಯುಎಚ್‌ಎಫ್ ಕುಟುಂಬದ ತರಂಗದಲ್ಲಿ. ಬೆಂಗಳೂರಿನವರು ಟಿ.ವಿ. ನೋಡುವುದಕ್ಕೆ ಮೊದಲೇ ನಿಮ್ಮ ಭಾಗದ ಹಳ್ಳಿಯವರು ನೋಡಿದ್ದರು. ಹೊಸದೊಂದು ಮೊದಲು ಹಳ್ಳಿಗೆ ಹೋಗಲಿ ಅಂತ ಆಗ ಯಾರೋ ಗಟ್ಟಿಯಾಗಿ ತೀರ್ಮಾನ ಮಾಡಿದ್ದರಿಂದ ಅದು ಆಯಿತು. ಆ ದಿನಗಳ ನೆನಪು ನಿಮ್ಮಲ್ಲಿದ್ದರೆ ದಯವಿಟ್ಟು ಬರೆದು ಕಳಿಸಿ ಸರ್.

ನನ್ನ ಮಗ ನಾರ್ತ್ ಕರೋಲಿನಾದಲ್ಲಿದ್ದಾನೆ. ನಿಮ್ಮ ಸಾಲು ಓದಿ ಹೇಳಿದರೆ ‘ಅಮ್ಮಾ, ಅದು ಇಲ್ಲೇ ಶುರುವಾಗಿ ಇಲ್ಲೇ ನಿಂತುಹೋದದ್ದು’ ಅಂದ. ಹೌದಾ? (ಗೃಹಿಣಿ, ಮೈಸೂರು)

ಮೊದಲರ್ಧ ಪೂರ್ತಿ ನಿಜ ಅಮ್ಮ, ಎರಡನೆಯದು ಅರ್ಧ ನಿಜ. ಅವರ ರಾಜ್ಯದ ವಿಲ್ಮಿಂಗ್ಟನ್ ಅನ್ನುವ ಊರಿನಲ್ಲೇ 2008ರ ಸೆಪ್ಟೆಂಬರ್‌ನಲ್ಲಿ, ಇಡೀ ಅಮೆರಿಕಕ್ಕಿಂತ ಮೊದಲು ಅನಲಾಗ್ ಟಿ.ವಿ. ನಿಲ್ಲಿಸಿದ್ದು. ಅಲ್ಲೇ 2012ರ ಜನವರಿಯಲ್ಲಿ ಖಾಲಿ ಚಾನೆಲ್‌ನ ಮೊದಲ ಅಧಿಕೃತ ಜಾಲ ಶುರುವಾಗಿ ಪಾರ್ಕುಗಳಿಗೆ ವೈಫೈ ಬಂತು. ಅದಕ್ಕೂ ಮೊದಲು 2009ರಲ್ಲಿ ವರ್ಜೀನಿಯಾದ ಬೆಟ್ಟಗಳ ನಡುವಿನ ಕ್ಲಾಡ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಪ್ರಯೋಗ ಮಾಡಿ ಶಾಲೆಗೆ ಲೈನ್ ಕೊಟ್ಟಿದ್ದರು. 2017ರ ಜುಲೈನಲ್ಲಿ ಮೈಕ್ರೋಸಾಫ್ಟ್, ಐದು ವರ್ಷದಲ್ಲಿ 20 ಲಕ್ಷ ಗ್ರಾಮೀಣ ಜನರಿಗೆ ಬ್ರಾಡ್‌ಬ್ಯಾಂಡ್ ಅಂತ ‘ಏರ್‌ಬ್ಯಾಂಡ್’ ಯೋಜನೆ ಘೋಷಿಸಿತು, ಅದರಲ್ಲಿ ಈ ತರಂಗಕ್ಕೆ ದೊಡ್ಡ ಪಾತ್ರ ಇತ್ತು.

ಆಮೇಲೆ ಎಡವಿದ್ದು ಎರಡು ಕಡೆ. ಒಂದು, ಪೆಟ್ಟಿಗೆಯ ಬೆಲೆ. ಮನೆಗೆ ಹಾಕುವ ಪೆಟ್ಟಿಗೆಯನ್ನು 200 ಡಾಲರ್‌ಗಿಂತ ಕೆಳಗೆ ತರಬೇಕು ಅನ್ನುವುದು ಮೈಕ್ರೋಸಾಫ್ಟ್ ಗುರಿ, ಆದರೆ ಲಕ್ಷಗಟ್ಟಲೆ ಮಾರಾಟ ಆಗದೆ ಬೆಲೆ ಇಳಿಯುವುದಿಲ್ಲ, ಬೆಲೆ ಇಳಿಯದೆ ಮಾರಾಟ ಆಗುವುದಿಲ್ಲ. ವೈಫೈ ಚಿಪ್ ಕೋಟಿಗಟ್ಟಲೆ ಫೋನುಗಳಲ್ಲಿ ಕೂತು ಅಗ್ಗವಾಯಿತು, ಇದಕ್ಕೆ ಆ ಭಾಗ್ಯ ಬರಲಿಲ್ಲ. ಎರಡು, 2017ರಲ್ಲಿ ಅಲ್ಲಿನ ಸರ್ಕಾರ ಟಿ.ವಿ. ಪಟ್ಟಿಯಿಂದ 84 ಮೆಗಾಹರ್ಟ್ಸ್ ಕತ್ತರಿಸಿ ಹರಾಜು ಹಾಕಿ 1,980 ಕೋಟಿ ಡಾಲರ್ ಎಣಿಸಿತು. ಉಳಿದ ಜಾಗದಲ್ಲಿ ಟಿ.ವಿ. ಕೇಂದ್ರಗಳು ಒತ್ತಾಗಿ ಕೂತವು, ಖಾಲಿ ಸೀಟು ಕಡಿಮೆಯಾಯಿತು. 2020ರಲ್ಲಿ ಹಳ್ಳಿ ಕಡೆ ಪವರ್ ಮಿತಿಯನ್ನು 16 ವಾಟ್‌ವರೆಗೆ ಏರಿಸಿ ಸ್ವಲ್ಪ ಸರಿಮಾಡಿದರು, ಆದರೂ ಅಂದುಕೊಂಡಷ್ಟು ಹಬ್ಬಲಿಲ್ಲ.

ಮಗನಿಗೆ ಇಷ್ಟು ಹೇಳಿ: ತಾಂತ್ರಿಕವಾಗಿ ಇದು ಎಲ್ಲೂ ಸೋತಿಲ್ಲ. ಫಿಲಿಪ್ಪೀನ್ಸ್‌ನ ಬೊಹೋಲ್ ದ್ವೀಪದಲ್ಲಿ ಮೀನುಗಾರರ ಹೆಸರು ನೋಂದಾಯಿಸುವುದಕ್ಕೆ ಅಂತ ಈ ಜಾಲ ಹಾಕಿದ್ದರು. 2013ರ ಅಕ್ಟೋಬರ್‌ನಲ್ಲಿ ಅಲ್ಲಿ ಭೂಕಂಪ ಆದಾಗ ಅದೇ ಉಪಕರಣ ಸಂಪರ್ಕಕ್ಕೆ ಬಂತು. ಕೀನ್ಯಾದ ನಾನ್ಯೂಕಿ ಊರಿನ ಹತ್ತಿರ ಅದೇ ವರ್ಷ ಸೋಲಾರ್ ಪ್ಯಾನಲ್ ಮೇಲೆ ನಡೆಯುವ ಜಾಲ ಹಾಕಿದರು, ಕರೆಂಟೇ ಇಲ್ಲದ ಕಡೆ. ಅಮೆರಿಕದಲ್ಲಿ ಟಿ.ವಿ. ಕೇಂದ್ರಗಳ ನಡುವೆ ಸಂದಿ ಹುಡುಕಬೇಕಿತ್ತು, ನಮ್ಮಲ್ಲಿ ಮೈದಾನವೇ ಖಾಲಿ. ಅಲ್ಲಿನ ಕಷ್ಟವನ್ನು ಇಲ್ಲಿಗೆ ಹಾಗೇ ಅನ್ವಯಿಸಬಾರದು.

ನಾನು ಗ್ರಾಮ ಪಂಚಾಯಿತಿ ಸದಸ್ಯ. ನಮ್ಮಲ್ಲಿ ಹದಿನಾಲ್ಕು ಮಜರೆಗಳಿವೆ, ಕಾಡಿನಲ್ಲಿ ಚದುರಿವೆ. ಹಣಕಾಸು ಆಯೋಗದ ಅನುದಾನದಲ್ಲೋ ಬೇರೆ ಯಾವುದರಲ್ಲೋ ದುಡ್ಡು ಹೊಂದಿಸಿ ಈ ಉಪಕರಣ ನಾವೇ ತರಿಸಿ ಹಾಕಬಹುದಾ? ಆಗದಿದ್ದರೆ ಯಾಕೆ ಆಗುವುದಿಲ್ಲ, ಬಿಡಿಸಿ ಹೇಳಿ. (ಜೋಯಿಡಾ ತಾಲ್ಲೂಕು)

ಇವತ್ತಿಗೆ ಹಾಕುವ ಹಾಗಿಲ್ಲ. ಈ ತರಂಗವನ್ನು ಅನುಮತಿ ಇಲ್ಲದೆ ಬಳಸಿದರೆ ಅಪರಾಧ. ನೀವು ತರಿಸಿ ಹಾಕಿಬಿಟ್ಟು ಆಮೇಲೆ ತೊಂದರೆಗೆ ಸಿಕ್ಕಿಕೊಳ್ಳುವುದು ಬೇಡ.

ಯಾಕೆ ಆಗುವುದಿಲ್ಲ ಅನ್ನುವುದು ನನ್ನನ್ನು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಂತ್ರಜ್ಞಾನ ನಮ್ಮಲ್ಲಿ ಇಲ್ಲ ಅಂತಲ್ಲ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಖಾಮಲೋಳಿ ಸುತ್ತಮುತ್ತ ಐಐಟಿ ಬಾಂಬೆಯವರು ಇದೇ ಟಿ.ವಿ. ತರಂಗದಲ್ಲಿ ಏಳು ಊರುಗಳಿಗೆ ಜಾಲ ಹಾಕಿ ತೋರಿಸಿದರು. ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸ್ವಂತ ಚಿಪ್ ಮಾಡಿ, ಅದರ ಮೇಲೆ ‘ಮೇಘದೂತ್’ ಅಂತ ಈ ಕೆಲಸದ್ದೇ ಉಪಕರಣವನ್ನೂ ಮಾಡಿತು. 2022ರಲ್ಲಿ ಆ ಕಂಪನಿಯನ್ನು ಬೆಂಗಳೂರಿನದೇ ಆದ ತೇಜಸ್ ನೆಟ್‌ವರ್ಕ್ಸ್ ಕೊಂಡುಕೊಂಡಿತು. ಚಿಪ್ ಇಲ್ಲೇ ಹುಟ್ಟಿದೆ, ಅದು ಬೇಕಾದ ಕಾಡೂ ಇದೇ ರಾಜ್ಯದಲ್ಲಿದೆ. ನಡುವೆ ಇರುವುದು ಒಂದು ಪರವಾನಗಿ. ದೂರಸಂಪರ್ಕ ಇಲಾಖೆ ಕೆಲವು ಸಂಸ್ಥೆಗಳಿಗೆ ಪ್ರಯೋಗಕ್ಕೆ ಅಂತ ಅನುಮತಿ ಕೊಟ್ಟಿತು, ಸೇವೆ ಕೊಡುವುದಕ್ಕೆ ಕೊಡಲಿಲ್ಲ. ಮೊಬೈಲ್ ಕಂಪನಿಗಳ ಸಂಘ, ತರಂಗ ಯಾರಿಗೇ ಕೊಡಲಿ ಹರಾಜಿನಲ್ಲೇ ಕೊಡಬೇಕು ಅಂತ ಪಟ್ಟು ಹಿಡಿಯಿತು.

ಅವರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ಹೇಳಲಾರೆ. ಸಾವಿರಾರು ಕೋಟಿ ಸುರಿದು ತರಂಗ ಕೊಂಡವರ ಪಕ್ಕದಲ್ಲಿ ಇನ್ನೊಬ್ಬರಿಗೆ ಸುಮ್ನೆ ಕೊಟ್ಟರೆ ಯಾರಿಗಾದರೂ ಉರಿಯುತ್ತದೆ. 2ಜಿ ಪ್ರಕರಣದಲ್ಲಿ 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿದ ಮೇಲಂತೂ ಹರಾಜು ಇಲ್ಲದೆ ಒಂದು ಮೆಗಾಹರ್ಟ್ಸ್ ಕೊಡುವುದಕ್ಕೂ ಅಧಿಕಾರಿಗಳು ಹೆದರುತ್ತಾರೆ. 2023ರ ದೂರಸಂಪರ್ಕ ಕಾಯ್ದೆಯೂ ಹರಾಜನ್ನೇ ಮುಖ್ಯ ದಾರಿ ಮಾಡಿ, ಹರಾಜು ಬೇಡದ ಬಳಕೆಗಳನ್ನು ಒಂದು ಪಟ್ಟಿಯಲ್ಲಿ ಇಟ್ಟಿದೆ.

ಆದರೆ ಮೂರು ಸಂಗತಿ ಮುಂದಿಡುತ್ತೇನೆ, ನೀವೇ ತೂಗಿ ನೋಡಿ. ಅದೇ ಸುಪ್ರೀಂ ಕೋರ್ಟ್ 2012ರ ಸೆಪ್ಟೆಂಬರ್‌ನಲ್ಲಿ, ಎಲ್ಲ ನೈಸರ್ಗಿಕ ಸಂಪತ್ತಿಗೂ ಹರಾಜು ಒಂದೇ ದಾರಿ ಅಲ್ಲ ಅಂತ ಸ್ಪಷ್ಟ ಮಾಡಿತು. 1995ರಲ್ಲಿ ಕ್ರಿಕೆಟ್ ಪ್ರಸಾರದ ಪ್ರಕರಣದಲ್ಲಿ, ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಅಂತ ಹೇಳಿದ್ದೂ ಅದೇ ಕೋರ್ಟ್. ಎರಡನೆಯದು, ನಾವೆಲ್ಲ ಬಳಸುವ ವೈಫೈ. ಅದೂ ಸರ್ಕಾರ ಹಂಚುವ ತರಂಗವೇ. 2.4 ಗಿಗಾಹರ್ಟ್ಸ್ ಅನ್ನು 2005ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು 2018ರಲ್ಲಿ ಲೈಸೆನ್ಸ್ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದರಿಂದ ಯಾವ ಮೊಬೈಲ್ ಕಂಪನಿಯೂ ಮುಳುಗಲಿಲ್ಲ. ಮೂರನೆಯದು ನನಗೆ ತುಂಬಾ ನೋವು ಕೊಡುವ ವಿಷಯ. 2022ರ 5ಜಿ ಹರಾಜಿನಲ್ಲಿ 600 ಮೆಗಾಹರ್ಟ್ಸ್ ತರಂಗವನ್ನೂ ಇಟ್ಟರು. ಅದು ಆ 15 ಸೀಟುಗಳಿಗಿಂತ ಸ್ವಲ್ಪ ಮೇಲಿನದು. ಒಬ್ಬರೂ ಬಿಡ್ ಕೂಗಲಿಲ್ಲ. ದುಡ್ಡೂ ಬರಲಿಲ್ಲ, ಇಂಟರ್ನೆಟ್ಟೂ ಬರಲಿಲ್ಲ. ಗದ್ದೆ ಬೀಳು ಬಿದ್ದರೆ ಮುಂದಿನ ವರ್ಷ ಉಳಬಹುದು, ಮಣ್ಣು ಅಲ್ಲೇ ಇರುತ್ತದೆ. ತರಂಗ ಹಾಗಲ್ಲ, ಬಳಸದೆ ಕಳೆದ ದಿನ ಕಳೆದೇ ಹೋಯಿತು, ಅದನ್ನು ಕೂಡಿಟ್ಟು ನಾಳೆ ಬಳಸಲಾಗದು.

ನಾನು ಕೇಳುವುದು ಇಷ್ಟೇ. 470ರಿಂದ 590ರ ನಡುವಿನ ಮೂರೋ ನಾಲ್ಕೋ ಚಾನೆಲ್ ಅನ್ನು, ನಗರಗಳಲ್ಲಿ ಬೇಡ, ನೆಟ್‌ವರ್ಕ್ ಇಲ್ಲದ ಹಳ್ಳಿಗಳಲ್ಲಿ ಮಾತ್ರ, ಪವರ್ ಮಿತಿ ಹಾಕಿ, ಡೇಟಾಬೇಸ್ ಕಾವಲಿಟ್ಟು ಬಿಟ್ಟುಕೊಡಿ. ನಾಳೆ ಸರ್ಕಾರಕ್ಕೆ ವಾಪಸ್ ಬೇಕಾದರೆ ಡೇಟಾಬೇಸ್‌ನಲ್ಲಿ ಗುಂಡಿ ಒತ್ತಿದರೆ ಪೆಟ್ಟಿಗೆಗಳು ಮೌನವಾಗುತ್ತವೆ. ಇಷ್ಟು ಸುಲಭವಾಗಿ ವಾಪಸ್ ಪಡೆಯಬಹುದಾದ ಸರ್ಕಾರಿ ಆಸ್ತಿ ಇನ್ನೊಂದಿಲ್ಲ.

ಅಲ್ಲಿವರೆಗೆ ನೀವು ಕೈಕಟ್ಟಿ ಕೂರಬೇಕಿಲ್ಲ. ಐಐಟಿಯವರೇ ಪಾಲ್ಘರ್‌ನಲ್ಲಿ ಮುಂದಿನ ಹಂತಕ್ಕೆ 25 ಊರುಗಳಿಗೆ ಹೋದಾಗ ಲೈಸೆನ್ಸ್ ಬೇಡದ 5.8 ಗಿಗಾಹರ್ಟ್ಸ್ ಅನ್ನೇ ಬಳಸಿದರು. ನಿಮ್ಮ ಹದಿನಾಲ್ಕು ಮಜರೆಗಳಲ್ಲಿ, ಎತ್ತರದ ಬಿಂದುವಿನಿಂದ ನೆಟ್ಟಗೆ ಕಣ್ಣಿಗೆ ಕಾಣುವಂಥವು ಎಷ್ಟು ಅಂತ ಮೊದಲು ಪಟ್ಟಿ ಮಾಡಿ. ಕಾಣುವ ಕಡೆಗೆ 5.8 ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಹೋಗಿ ನೋಡಿ, ಬೇಸಿಗೆಯಲ್ಲಿ ಅಲ್ಲ. ನನ್ನ ತೋಟದ ಕಥೆ ಮೇಲೆ ಹೇಳಿದ್ದೇನೆ. ಊರಿನ ಅಂಗಡಿಯವರು ಪಿಎಂ-ವಾಣಿ ಯೋಜನೆಯಲ್ಲಿ ವೈಫೈ ಕೊಡಬಹುದು, 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಆ ಯೋಜನೆಯಲ್ಲಿ ಅಂಗಡಿಯವರಿಗೆ ಲೈಸೆನ್ಸ್ ಬೇಡ. ಇನ್ನು, ಪಂಚಾಯಿತಿಯ ಫೈಬರ್ ಪೆಟ್ಟಿಗೆ ಆನ್ ಇದೆಯಾ ನೋಡಿ. ನಾನು ಕಂಡ ಒಂದು ಕಚೇರಿಯಲ್ಲಿ ಅದರ ಪ್ಲಗ್ ಕಿತ್ತು ಫ್ಯಾನಿಗೆ ಕೊಟ್ಟಿದ್ದರು, ಪೆಟ್ಟಿಗೆಯ ಮೇಲೆ ಜೇಡ ಬಲೆ ಕಟ್ಟಿತ್ತು. ಆ ಫೈಬರ್ ಇಲ್ಲದಿದ್ದರೆ ಯಾವ ತರಂಗ ಇದ್ದೂ ಪ್ರಯೋಜನ ಇಲ್ಲ. ಜೊತೆಗೆ ಗ್ರಾಮಸಭೆಯಲ್ಲಿ ಈ ವಿಷಯದ ಮೇಲೆ ಒಂದು ಠರಾವು ಮಾಡಿ ನಿಮ್ಮ ಸಂಸದರಿಗೂ ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೂ ಕಳಿಸಿ. ಟ್ರಾಯ್ ಪ್ರತಿ ಸಲ ತರಂಗದ ಬಗ್ಗೆ ಜನರ ಅಭಿಪ್ರಾಯ ಕೇಳುತ್ತದೆ. ಕಾಡಿನ ಪಂಚಾಯಿತಿಗಳ ಪತ್ರವೂ ಅಲ್ಲಿ ಹೋಗಿ ಬೀಳಲಿ.

ಇಷ್ಟೆಲ್ಲ ಯಾಕೆ, ಸ್ಟಾರ್‌ಲಿಂಕ್ ಬರುತ್ತದಲ್ಲ? (ಸಾಗರ)

ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಲೈಸೆನ್ಸ್ ಸಿಕ್ಕಿದೆ, ನಿಜ. ಒಂಟಿ ಮನೆಗೆ, ಹೋಮ್‌ಸ್ಟೇಗೆ ಅದು ಒಳ್ಳೆಯದೇ. ಆದರೆ ಅದಕ್ಕೆ ತೆರೆದ ಆಕಾಶ ಬೇಕು, ಮರದ ಮರೆಯಲ್ಲಿ ಅದೂ ತಡವರಿಸುತ್ತದೆ. ಮತ್ತೆ, ಮನೆಮನೆಗೂ ಒಂದೊಂದು ಡಿಶ್, ಒಂದೊಂದು ಬಿಲ್. ಊರಿಗೊಂದು ಕಂಬ ಹಾಕಿ ಮೂವತ್ತು ಮನೆ ಹಂಚಿಕೊಳ್ಳುವ ಲೆಕ್ಕವೇ ಬೇರೆ.

ಮನೆ ಮೇಲೆ ಇಂಥ ರೇಡಿಯೊ ಇಟ್ಟರೆ ಮಕ್ಕಳಿಗೆ ಅಪಾಯ ಇಲ್ಲವಾ? (ತಾಯಿ, ಶೃಂಗೇರಿ)

ಭಯ ಬೇಡಮ್ಮ. ದೂರದರ್ಶನದ ದೊಡ್ಡ ಟವರ್‌ನ ಟ್ರಾನ್ಸ್‌ಮಿಟರ್ 10,000 ವಾಟ್. ಇವುಗಳಿಗೆ ಅಮೆರಿಕದಲ್ಲಿ ಮೊದಲು ಹಾಕಿದ ಮಿತಿ 4 ವಾಟ್, ಅದೂ ಆಂಟೆನಾ ಒಂದೇ ದಿಕ್ಕಿಗೆ ಕೂಡಿಸಿ ಕೊಡುವ ಬಲವನ್ನೂ ಸೇರಿಸಿ. ಆಂಟೆನಾ ಇರುವುದು ಮಾಡಿನ ಮೇಲೆ, ಮುಖ ಗುಡ್ಡದ ಕಡೆ.

ಶಾಲೆಗಳಿಗೆ ಇದನ್ನು ಎಲ್ಲಾದರೂ ಕೊಟ್ಟಿದ್ದಾರಾ? ಎಸ್‌ಡಿಎಂಸಿ ಸಭೆಯಲ್ಲಿ ಹೇಳುವುದಕ್ಕೆ ಉದಾಹರಣೆ ಬೇಕು. (ಹೈಸ್ಕೂಲ್ ಶಿಕ್ಷಕಿ, ಕೊಪ್ಪ)

ಎರಡು ಹೇಳುತ್ತೇನೆ ಮೇಡಂ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2013ರಲ್ಲಿ ಹತ್ತು ಶಾಲೆಗಳಿಗೆ ಕೊಟ್ಟು ನೋಡಿದರು, ಅದೂ ಟಿ.ವಿ. ಚಾನೆಲ್‌ಗಳು ಕಿಕ್ಕಿರಿದ ನಗರದಲ್ಲಿ. ಟಿ.ವಿ. ನೋಡುವವರಿಗೆ ತೊಂದರೆಯಾಗದೆ ನಡೆಸಬಹುದು ಅಂತ ಅದರಿಂದ ಗೊತ್ತಾಯಿತು, 2018ರಲ್ಲಿ ಆ ದೇಶ ನಿಯಮವನ್ನೇ ಮಾಡಿತು. ಇನ್ನೊಂದು ಮಲಾವಿ, ನಮಗಿಂತ ತುಂಬಾ ಬಡ ದೇಶ. ಅಲ್ಲಿನ ಜೋಂಬಾ ಊರಿನಲ್ಲಿ ಅದೇ 2013ರಲ್ಲಿ ಹಾಕಿದ ಜಾಲದಲ್ಲಿ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯೂ ಇತ್ತು. ಸಭೆಯಲ್ಲಿ ಮಲಾವಿ ಉದಾಹರಣೆಯನ್ನೇ ಮೊದಲು ಹೇಳಿ. ‘ದುಡ್ಡಿಲ್ಲ’ ಅನ್ನುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಮಾಡಿನ ಮೇಲೆ ನಮ್ಮವರು ಹಾಕಿಸಿದ ಹಳೇ ಟಿ.ವಿ. ಆಂಟೆನಾ ಇನ್ನೂ ಇದೆ. ಮುಂದೆ ಉಪಯೋಗಕ್ಕೆ ಬರುತ್ತದಾ, ಗುಜರಿಗೆ ಹಾಕಲಾ? (ಎಪ್ಪತ್ತು ದಾಟಿದ ಅಜ್ಜಿ, ತೀರ್ಥಹಳ್ಳಿ)

ಅಜ್ಜಿ, ಮೊಮ್ಮಕ್ಕಳ ಹತ್ತಿರ ಒಂದು ಸ್ಕೇಲು ಕೊಟ್ಟು ಅಡ್ಡ ಕಡ್ಡಿಗಳನ್ನು ಅಳೆಯಲು ಹೇಳಿ. ಮುಕ್ಕಾಲು ಮೀಟರ್ ಹತ್ತಿರ ಇದ್ದರೆ ಅದು ಹಳೆಯ ವಿಎಚ್‌ಎಫ್ ಪಟ್ಟಿಯದು, ಈ ಕೆಲಸಕ್ಕೆ ಬಾರದು. ಶಾಲೆಯ ಸ್ಕೇಲಿನಷ್ಟೇ, ಅಂದರೆ 30 ಸೆಂಟಿಮೀಟರ್ ಆಸುಪಾಸು ಇದ್ದರೆ ಅದು ಈ ತರಂಗದ ಅಳತೆಯದ್ದೇ. ಯಾವುದಾದರೂ ಸರಿ, ಕಂಬ ಮತ್ತು ಅದನ್ನು ಗೋಡೆಗೆ ಹಿಡಿದಿರುವ ಕಬ್ಬಿಣದ ಪಟ್ಟಿ ಗಟ್ಟಿ ಇದ್ದರೆ ಅವನ್ನು ಗುಜರಿಗೆ ಕೊಡಬೇಡಿ, ಮುಂದೆ ಏನು ಬಂದರೂ ಕಂಬ ಬೇಕೇ ಬೇಕು. ಆದರೆ ಆಂಟೆನಾದಿಂದ ಮನೆಯೊಳಗೆ ಇಳಿದಿರುವ ಹಳೆಯ ವಯರನ್ನು ಮುಂಗಾರು ಹಿಡಿಯುವ ಮೊದಲು ಬಿಚ್ಚಿಸಿಬಿಡಿ. ಸಿಡಿಲು ಅದರ ಮೂಲಕ ಒಳಗೆ ಬರುತ್ತದೆ.